ಬಂಡೆಯ ಬರಹ, ಬೆರಳ ಬರಹ
ಬಾದಾಮಿಯ ಅಗಸ್ತ್ಯತೀರ್ಥದ ಬಳಿ ಬಂಡೆಗೆ ಕೊರೆದ ಕಪ್ಪೆ ಅರಭಟ್ಟನ ಶಾಸನವು ಸುಮಾರು 1300 ವರ್ಷಗಳಿಂದ ಅಳಿಯದೆ ನಿಂತಿದೆ. ಇಳಕಲ್ಲಿನ ನೇಕಾರನು ಇಂದು ಅಂತರ್ಜಾಲದಲ್ಲಿ ತೋಡಿಕೊಳ್ಳುವ ಅಳಲಿಗೆ ಆ ಆಯುಷ್ಯವೆಲ್ಲಿಯದು?

ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ರದ್ದುಗೊಳಿಸಿದೊಡನೆ ಜನರು ನಿಶ್ಚಿಂತರಾದರು. 2024ರಲ್ಲಿ ಕೇಂದ್ರ ಗೃಹ ಸಚಿವಾಲಯವು ‘ಸಹಯೋಗ್’ ಎಂಬ ಜಾಲದ್ವಾರವನ್ನು ತೆರೆಯಿತು. ಅದರ ಮೂಲಕ ಅಧಿಕಾರಿಗಳು ಬರಹವನ್ನು ತೆಗೆಯುವಂತೆ ಕಂಪನಿಗಳಿಗೆ ಸೂಚಿಸಬಹುದು. ಬರೆದವನನ್ನು ಮೊದಲು ಕೇಳಬೇಕೆಂಬ ಕಟ್ಟಳೆ ಅಲ್ಲಿಲ್ಲ.

ಇದರ ವಿರುದ್ಧ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದವರಾರು? ಬಾಗಲಕೋಟೆಯ ವಕೀಲರಲ್ಲ, ಹುನಗುಂದದ ಪದವೀಧರರಲ್ಲ. ಅಮೆರಿಕದ ಎಕ್ಸ್ ಕಂಪನಿ! 2025ರ ಸೆಪ್ಟೆಂಬರ್ 24ರಂದು ಅರ್ಜಿ ವಜಾ ಆಯಿತು. ಸಂವಿಧಾನದ 19ನೆಯ ವಿಧಿಯ ಹಕ್ಕು ನಾಗರಿಕರದೇ ಹೊರತು ವಿದೇಶೀ ಕಂಪನಿಯದಲ್ಲವೆಂದಿತು ನ್ಯಾಯಾಲಯ. ನಾಗರಿಕರೋ, ಆ ವಾರ ನವರಾತ್ರಿಯ ಸಡಗರದಲ್ಲಿದ್ದರು.