ಕಮ್ಮಿ ಕೊಟ್ಟಷ್ಟೂ ಜೋರಾಗಿ ಓಡುವ ಚಿಪ್ಪು!

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಯಾವ ಮನೆಯಲ್ಲಾದರೂ ಸರಿ, ಗೋಡೆಯ ಪ್ಲಗ್ಗಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅತ್ತಿಂದಿತ್ತ ತೂಗುತ್ತದೆ. ಅದು ಒಂದೇ ಒಂದು ಸಲ ತೂಗಿ ಮುಗಿಸುವಷ್ಟರಲ್ಲಿ, ಅದೇ ಪ್ಲಗ್ಗಿಗೆ ಚುಚ್ಚಿದ ಕಂಪ್ಯೂಟರಿನ ಪ್ರೊಸೆಸರು ಎಷ್ಟು ಸಲ ಮಿಡಿದಿರುತ್ತದೆ ಗೊತ್ತೇ? 4.6 ಗಿಗಾಹರ್ಟ್ಸ್ ವೇಗದಲ್ಲಿ 9 ಕೋಟಿ 20 ಲಕ್ಷ ಸಲ! ಆ ಒಂದೊಂದು ಮಿಡಿತದ ಅವಧಿಯಲ್ಲಿ ಬೆಳಕು ಕೂಡ ಸುಮಾರು ಆರೂವರೆ ಸೆಂಟಿಮೀಟರಷ್ಟೇ ಸಾಗುತ್ತದೆ. ಇಷ್ಟು ವೇಗದ ವಸ್ತುವಿಗೆ ಮನೆಯಲ್ಲೇ ಕೂತು ಇನ್ನಷ್ಟು ವೇಗ ಕೂಡಿಸಬಹುದು. ಅದೇ ಓವರ್‌ಕ್ಲಾಕಿಂಗ್.

ಲೆಕ್ಕ ಬೆರಗಾಗುವಷ್ಟು ಸರಳ. ಮದರ್‌ಬೋರ್ಡು 100 ಮೆಗಾಹರ್ಟ್ಸ್‌ನ ಮೂಲ ತಾಳ ಹಾಕುತ್ತದೆ. ಪ್ರೊಸೆಸರು ಅದನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಳ್ಳುತ್ತದೆ. 44 ಇದ್ದರೆ 4.4 ಗಿಗಾಹರ್ಟ್ಸ್, 46 ಇದ್ದರೆ 4.6. 1998ರಲ್ಲಿ ಬಂದ ಇಂಟೆಲ್ಲಿನ ಸೆಲೆರಾನ್ 300ಎ ಚಿಪ್ಪಿಗೆ 66ರ ಬದಲು 100 ಮೆಗಾಹರ್ಟ್ಸ್ ತಾಳ ಕೊಟ್ಟವರಿಗೆ 300ರ ಚಿಪ್ಪು 450ರಲ್ಲಿ ಓಡಿತು. ಒಂದೂವರೆ ಪಟ್ಟು! 2024ರಲ್ಲಂತೂ ಮೈನಸ್ 269 ಡಿಗ್ರಿಯಲ್ಲಿ ಕುದಿಯುವ ದ್ರವ ಹೀಲಿಯಂ ಸುರಿದು ಕೋರ್ ಐ9 ಚಿಪ್ಪೊಂದನ್ನು 9.1 ಗಿಗಾಹರ್ಟ್ಸ್‌ಗೆ ಮುಟ್ಟಿಸಿದರು.

ಹೀಲಿಯಂ ಯಾಕೆ? ಬಿಸಿ! ಇಲ್ಲೇ ನೋಡಿ, ನಮ್ಮ ಸೀಮೆಯ ಇತಿಹಾಸ ಬಂದು ಕೈಹಿಡಿಯುತ್ತದೆ. ಬೆಳಕವಾಡಿಗೆ ಹತ್ತಿರದ ಶಿವನಸಮುದ್ರದಲ್ಲಿ 1902ರ ಜೂನ್ 30ರಂದು ತಲಾ 720 ಕಿಲೋವಾಟಿನ ಆರು ಯಂತ್ರಗಳು ಕರೆಂಟನ್ನು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಕಳಿಸಿದವು. ಅಷ್ಟು ದೂರ ಅದು ಹೋದದ್ದೇ ವೋಲ್ಟೇಜ್ ಏರಿಸಿದ್ದರಿಂದ. ತಂತಿಯಲ್ಲಿ ವೋಲ್ಟೇಜ್ ಏರಿದರೆ ಬಿಸಿಯಾಗಿ ಸೋರುವುದು ತಗ್ಗುತ್ತದೆ. ಪ್ರೊಸೆಸರಿನ ಒಳಗೆ ಇದು ಪೂರ್ತಿ ತಿರುಗುಮುರುಗು! ಅಲ್ಲಿ ಬಿಸಿ ವೇಗದ ಜೊತೆಗೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. 1.2 ವೋಲ್ಟ್‌ನಲ್ಲಿ 4.4 ಓಡುತ್ತಿದ್ದುದನ್ನು 1.3 ವೋಲ್ಟ್ ಕೊಟ್ಟು 4.6ಕ್ಕೆ ಏರಿಸಿದರೆ ವೇಗ ಹೆಚ್ಚುವುದು ನೂರಕ್ಕೆ ನಾಲ್ಕೂವರೆ, ತಿನ್ನುವ ವಿದ್ಯುತ್ತು ಹೆಚ್ಚುವುದು ನೂರಕ್ಕೆ ಇಪ್ಪತ್ಮೂರು. ಮಳವಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಈ ಲೆಕ್ಕ ಫ್ಯಾನಿನ ಸದ್ದಿನಲ್ಲೇ ಕೇಳಿಸುತ್ತದೆ.

ಹಾಗಿದ್ದರೆ ವೋಲ್ಟೇಜನ್ನು ಇಳಿಸಿದರೆ? ಈ ಪ್ರಶ್ನೆ ಹೊಳೆದ ಕ್ಷಣದಿಂದ ಓವರ್‌ಕ್ಲಾಕಿಂಗ್ ಬೇರೆಯೇ ಲೋಕವಾಗಿಬಿಡುತ್ತದೆ! ಇಂದಿನ ಚಿಪ್ಪುಗಳು ತಮ್ಮ ಬಿಸಿ, ತಮ್ಮ ವಿದ್ಯುತ್ತನ್ನು ತಾವೇ ಅಳೆದುಕೊಂಡು, ಜಾಗ ಇದ್ದಷ್ಟೂ ತಾವೇ ವೇಗ ಹೆಚ್ಚಿಸಿಕೊಳ್ಳುತ್ತವೆ. ವೋಲ್ಟೇಜ್ ತಗ್ಗಿಸಿ, ಜಾಗ ತೆರೆಯುತ್ತದೆ. ಚಿಪ್ಪು ತಂಪಾಗುತ್ತದೆ, ಅದೇ ಹೊತ್ತಿಗೆ ಜೋರಾಗುತ್ತದೆ! ಕಾರ್ಖಾನೆಯವರು ಲಕ್ಷಾಂತರ ಚಿಪ್ಪುಗಳಲ್ಲಿ ದುರ್ಬಲವಾದುದೂ ಸೆಕೆಯಲ್ಲಿ ವರ್ಷಗಟ್ಟಲೆ ಬಾಳಲಿ ಎಂದು ತುಸು ಹೆಚ್ಚೇ ವೋಲ್ಟೇಜ್ ಇಟ್ಟು ಕಳಿಸಿರುತ್ತಾರೆ. ನಮ್ಮ ಕೈಗೆ ಬಂದ ಚಿಪ್ಪಿಗೆ ಅಷ್ಟು ಬೇಕಿಲ್ಲದೆಯೂ ಇರಬಹುದು.

ಆರು ಕೋರಿನ, ಅಂದರೆ ಲೆಕ್ಕ ಮಾಡುವ ಆರು ಘಟಕಗಳ, 76 ವಾಟ್ ಮಿತಿಯ ರೈಜನ್ 5 5600 ಪ್ರೊಸೆಸರು ಇದ್ದರೆ ಶುರುಮಾಡಲು ಹೇಳಿ ಮಾಡಿಸಿದ್ದು. ಜೊತೆಗೆ ಬಿ550 ಚಿಪ್‌ಸೆಟ್ಟಿನ ಮದರ್‌ಬೋರ್ಡು ಬೇಕು. ಎ520ರಲ್ಲಿ ಈ ಬಾಗಿಲು ಮುಚ್ಚಿರುತ್ತದೆ. ಇಂಟೆಲ್ಲಿನಲ್ಲಾದರೆ ಹೆಸರಿನ ಕೊನೆಗೆ ‘ಕೆ’ ಇರುವ ಚಿಪ್ಪು, ಜೊತೆಗೆ ‘ಝಡ್’ ಸರಣಿಯ ಬೋರ್ಡು. ಮೊದಲು ಮುಖ್ಯ ಫೈಲುಗಳನ್ನು ಬೇರೆ ಡ್ರೈವಿಗೆ ಕಾಪಿ ಮಾಡಿ. ಯುಪಿಎಸ್ ಇಲ್ಲದೆ, ಬೋರ್ಡಿನ ಮೂಲ ಸಾಫ್ಟ್‌ವೇರಾದ ಬಯಾಸ್ ಅಪ್‌ಡೇಟ್ ಬೇಡ, ನಡುವೆ ಕರೆಂಟು ಹೋದರೆ ಬೋರ್ಡೇ ಕೆಡಬಹುದು. ಓವರ್‌ಕ್ಲಾಕ್‌ನಿಂದಾದ ಹಾನಿಗೆ ವಾರಂಟಿ ಇಲ್ಲವೆಂಬುದೂ ನೆನಪಿರಲಿ. ಏನೂ ಮುಟ್ಟದ ಸ್ಥಿತಿಯಲ್ಲೇ ವೇಗ ಅಳೆಯುವ ಸಿನೆಬೆಂಚ್ ಓಡಿಸಿ ಅಂಕ ಬರೆದುಕೊಳ್ಳಿ, ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರು ತೋರಿಸುವ ಉಷ್ಣತೆ ಬರೆದುಕೊಳ್ಳಿ. ಈಗ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಅದು ಏಳುತ್ತಲೇ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋಗಿ, ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ತೆರೆಯಿರಿ, ಒಳಗಿರುವ ಕರ್ವ್ ಆಪ್ಟಿಮೈಜರಿನಲ್ಲಿ ಎಲ್ಲ ಕೋರಿಗೂ ಮೈನಸ್ 10 ಕೊಡಿ. ಒಂದೊಂದು ಅಂಕಿಗೆ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಸೇವ್ ಮಾಡಿ, ಮತ್ತೆ ಸಿನೆಬೆಂಚ್ ಓಡಿಸಿ. ಉಷ್ಣತೆ ಇಳಿದು ಅಂಕ ಏರಿದ್ದನ್ನು ಮೊದಲ ಸಲ ನೋಡುವ ಖುಷಿಯಿದೆಯಲ್ಲ, ಅದಕ್ಕಾಗಿಯೇ ಈ ಕೆಲಸ ಮಾಡಬೇಕು!

ಇನ್ನೂ ದೊಡ್ಡ ಬೆರಗು ಮುಂದಿದೆ. ಮೈನಸ್ 30ರವರೆಗೆ ಒಂದೊಂದೇ ಕೋರನ್ನು ಇಳಿಸುತ್ತ ಹೋಗಿ. ಒಂದು ಕೋರು 30ಕ್ಕೂ ನಗುತ್ತಿರುತ್ತದೆ, ಪಕ್ಕದ್ದು 12ಕ್ಕೇ ತಡವರಿಸುತ್ತದೆ. ಒಂದೇ ಗದ್ದೆಯ ಕಬ್ಬಿನಲ್ಲೂ ಜಲ್ಲೆಯಿಂದ ಜಲ್ಲೆಗೆ ಸಿಹಿ ಬೇರೆಯಿರುವಂತೆ, ಉಗುರಿನಗಲದ ಒಂದೇ ಸಿಲಿಕಾನ್ ತುಣುಕಿನಲ್ಲಿ ಆರು ಬೇರೆ ಬೇರೆ ಸ್ವಭಾವ! ತಡವರಿಸುವುದೂ ಎಂಥ ಹೊತ್ತಿನಲ್ಲಿ? ಪೂರ್ತಿ ಭಾರ ಹೊತ್ತಾಗ ಅಲುಗದ ಯಂತ್ರ, ಹಗುರ ಕೆಲಸದಲ್ಲಿ ಥಟ್ಟನೆ ರೀಸ್ಟಾರ್ಟ್ ಆಗುತ್ತದೆ. ಒಂಟಿ ಕೋರು ಅತಿ ಎತ್ತರದ ವೇಗಕ್ಕೆ ಜಿಗಿಯುವುದು ಹಗುರ ಕೆಲಸದಲ್ಲೇ ಅಲ್ಲವೇ? ಅದಕ್ಕೇ ಕೋರ್‌ಸೈಕ್ಲರ್ ಎಂಬ ಸಾಫ್ಟ್‌ವೇರಿನಿಂದ ಕೋರುಗಳನ್ನು ಒಂದೊಂದಾಗಿ ರಾತ್ರಿಯಿಡೀ ಪರೀಕ್ಷಿಸಬೇಕು. ತಪ್ಪಿದ ಕೋರಿಗೆ ಐದು ಅಂಕಿ ಹಿಂದಕ್ಕೆ ಕೊಡಿ. ಬೂಟ್ ಆಗದೇ ಹೋದರೆ ಪ್ಲಗ್ ಕಿತ್ತು, ಬೋರ್ಡಿನ ದುಂಡು ಬ್ಯಾಟರಿಯನ್ನು ಕೆಲ ನಿಮಿಷ ತೆಗೆದಿಡಿ. ಸೆಟ್ಟಿಂಗೆಲ್ಲ ಅಳಿಸಿ ಮೊದಲಿನಂತಾಗುತ್ತದೆ.

ಇದು ದೂರದೇಶದವರಿಗಷ್ಟೇ ಒಲಿದ ವಿದ್ಯೆ ಎಂದುಕೊಳ್ಳಬೇಡಿ. 2008ರಲ್ಲಿ ಬಂದ ಇಂಟೆಲ್ಲಿನ ಆರು ಕೋರಿನ ಝಿಯಾನ್ 7400, 190 ಕೋಟಿ ಟ್ರಾನ್ಸಿಸ್ಟರುಗಳ ಆ ಚಿಪ್ಪು, ವಿನ್ಯಾಸಗೊಂಡದ್ದು ನಮ್ಮ ಬೆಂಗಳೂರಿನಲ್ಲಿ! ಅಂಥ ಚಿಪ್ಪು ರೂಪಿಸುವ ತಂಡಗಳು ವರ್ಷಗಟ್ಟಲೆ ಕೇಳುವ ಪ್ರಶ್ನೆಯನ್ನೇ ಬೆಳಕವಾಡಿಯ ಹುಡುಗಿಯೊಬ್ಬಳು ಒಂದು ನೋಟ್‌ಬುಕ್ಕು, ಒಂದು ಕೀಬೋರ್ಡು ಇಟ್ಟುಕೊಂಡು ಕೇಳಬಹುದು: ಈ ಕೋರಿಗೆ ನಿಜಕ್ಕೂ ಎಷ್ಟು ಸಾಕು? ಆಕೆ ಕಂಡುಕೊಳ್ಳುವ ಆರು ಅಂಕಿಗಳು ಯಾವ ಡಬ್ಬಿಯ ಮೇಲೂ ಅಚ್ಚಾಗಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಆ ಚಿಪ್ಪಿಗೆ ಮಾತ್ರ ಸಲ್ಲುವ ಆ ಸತ್ಯವನ್ನು ಅಳೆದು ತಿಳಿದ ಮೊದಲಿಗಳು ಅವಳೇ!