ಮುಟ್ಟದೆ ಕ್ಯಾಮೆರಾ ನಡೆಸುವುದು ಹೇಗೆ?

ಪುಣೆ–ಅಹಿಲ್ಯಾನಗರ ಹೆದ್ದಾರಿಯ ರಾಂಜಣಗಾಂವ ಗೊತ್ತಲ್ಲ? ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರು. ಅಲ್ಲಿ ಉತ್ಸವ ಚಿತ್ರೀಕರಿಸಲು ಕ್ರೇನಿನ ತುದಿಗೆ ಸಿನಿಮಾ ಕ್ಯಾಮೆರಾ ಏರಿಸಿದರೆ ಗುಂಡಿ ಒತ್ತುವವರು ಯಾರು? ವೈ-ಫೈ!

2020ರಲ್ಲಿ ಬಂದ ರೆಡ್ ಕೊಮೊಡೊದಂಥ ಕ್ಯಾಮೆರಾಗಳಲ್ಲಿ ವೈ-ಫೈ ಒಳಗೇ ಇದೆ. ಒಂದೇ ಕ್ಯಾಮೆರಾ ಆದರೆ ಮೆನುವಿನಲ್ಲಿ ‘ಆಡ್ ಹಾಕ್’ ಆರಿಸಿ. ಕ್ಯಾಮೆರಾವೇ ನೆಟ್‌ವರ್ಕ್ ಆಗುತ್ತದೆ. ಫೋನನ್ನು ಅದಕ್ಕೆ ಸೇರಿಸಿ ಆಪ್ ತೆರೆದರಾಯಿತು. ಎರಡು-ಮೂರು ಕ್ಯಾಮೆರಾ ಇದ್ದರೆ ‘ಇನ್‌ಫ್ರಾಸ್ಟ್ರಕ್ಚರ್’ ಆರಿಸಿ, ಎಲ್ಲವನ್ನೂ ಒಂದು ಸಣ್ಣ ರೂಟರ್‌ಗೆ ಜೋಡಿಸಿ. ಪ್ರತಿ ಕ್ಯಾಮೆರಾಕ್ಕೂ ಬೇರೆ ಐಪಿ ವಿಳಾಸ ಇರಲಿ. ಇಂಟರ್ನೆಟ್ ಬೇಕಿಲ್ಲ.

ಕಷ್ಟ ಬರುವುದು ಜನ ಸೇರಿದಾಗ. ಮುಂಜಾನೆ ಖಾಲಿ ಅಂಗಳದಲ್ಲಿ ಸರಿಯಿದ್ದ ಸಂಪರ್ಕ, ನೂರಾರು ಫೋನುಗಳು ಬಂದೊಡನೆ 2.4 ಗಿಗಾಹರ್ಟ್ಸ್‌ನಲ್ಲಿ ಕೈಕೊಡಬಹುದು. ಸೌಲಭ್ಯವಿದ್ದರೆ 5 ಗಿಗಾಹರ್ಟ್ಸ್ ಬಳಸಿ. ಅಲ್ಲಿ ದಟ್ಟಣೆ ಕಡಿಮೆ. ಆದರೆ ಗೋಡೆ ಅಡ್ಡ ಬಂದರೆ ಸಿಗ್ನಲ್ ಬೇಗ ಕುಗ್ಗುತ್ತದೆ. ಆದ್ದರಿಂದ ರೂಟರ್ ಎತ್ತರದಲ್ಲಿ, ಕ್ಯಾಮೆರಾಕ್ಕೆ ಎದುರಾಗಿ ಇರಲಿ.

ಎರಡು ಮಾತು ಮರೆಯಬೇಡಿ. ಕಂಪನಿ ಕೊಟ್ಟ ಪಾಸ್‌ವರ್ಡ್ ಮೊದಲೇ ಬದಲಿಸಿ. ಇಲ್ಲದಿದ್ದರೆ ಬೇರೆಯವರೂ ನಿಮ್ಮ ಕ್ಯಾಮೆರಾ ನಿಲ್ಲಿಸಬಹುದು. ಫೋನಿನ ಪರದೆಯನ್ನಷ್ಟೇ ನಂಬದೆ, ಕ್ಯಾಮೆರಾದ ಕೆಂಪು ದೀಪ ನೋಡಲು ಒಬ್ಬರನ್ನು ನಿಲ್ಲಿಸಿ. ಮಂಗಳಾರತಿಗೆ ರೀಟೇಕ್ ಇಲ್ಲ!