ದುಃಖಕ್ಕೂ ಒಂದು ಮೇಳ: ಬಳ್ಳಾರಿ ಸೀಮೆಯ ರಿವಾಯತ್ ಪದಗಳು

ಮನಸ್ಸು ಭಾರವಾದಾಗ ಏನ್ಮಾಡ್ತೀರಿ? ಇಯರ್‌ಫೋನ್ ಹಾಕ್ಕೊಂಡು, ಗಿಟಾರ್ ಜೊತೆ ಯಾರೋ ಮೆಲ್ಲಗೆ ಹಾಡಿದ ಪ್ಲೇಲಿಸ್ಟ್ ಹಚ್ಚಿ ಒಬ್ಬರೇ ಕೂರ್ತೀರಿ, ಅಲ್ವಾ? ಅಗಲಿಕೆಯ ಮೇಲೆಯೇ ಇಡೀ ಆಲ್ಬಂ ಮಾಡುವ ಇಂಡಿ ಫೋಕ್ ಗಾಯಕರು ಈಗ ಬಹಳ ಮಂದಿ. ಆದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯವರಿಗೆ ಅಂಥ ಹಾಡುಗಳು ಊರಲ್ಲೇ ಇವೆ. ಅವೇ ಮೊಹರಂನ ರಿವಾಯತ್ ಪದಗಳು.

ರಿವಾಯತ್ ಅಂದ್ರೆ ಕಥನ. ಕಥೆ ಕರ್ಬಲಾದ್ದು. ಕ್ರಿ.ಶ. 680ರಲ್ಲಿ, ಈಗಿನ ಇರಾಕ್‌ನಲ್ಲಿ, ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ತಮ್ಮ ಚಿಕ್ಕ ಬಳಗದೊಂದಿಗೆ ಯಜೀದನ ಸೇನೆಗೆ ಎದುರಾಗಿ ಪ್ರಾಣ ಕೊಟ್ಟರು. ಯೂಫ್ರೆಟಿಸ್ ನದಿ ಹತ್ತಿರವೇ ಇದ್ದರೂ ಅವರಿಗೆ ನೀರು ಸಿಗದಂತೆ ಮಾಡಲಾಗಿತ್ತು. ಹಬ್ಬದಲ್ಲಿ ದಾರಿಹೋಕರಿಗೂ ಶರಬತ್ತು ಹಂಚೋದು ಆ ಬಾಯಾರಿಕೆಯ ನೆನಪಿಗೆ.

ಈ ಕಥೆ ಕನ್ನಡಕ್ಕೆ ಬಂದು ನಮ್ಮದೇ ಆಗಿಬಿಟ್ಟಿದೆ. ಮದುವೆಯ ಅರಿಶಿನ ಆರುವ ಮುಂಚೆಯೇ ಯುದ್ಧಕ್ಕೆ ಹೋದ ಕಾಸಿಮನ ಕಥೆ ಕೇಳಿ. ಗಂಡನ್ನ ಕಳ್ಕೊಂಡ ಮದುಮಗಳು ನಮ್ಮ ಓಣಿಯ ಹುಡುಗಿಯೇ ಅನಿಸ್ತಾಳೆ. ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹಾಡೋರು, ಪೀರಲ ದೇವರಿಗೆ ಹರಕೆ ಹೊರೋರು ಹಿಂದೂಗಳೂ ಹೌದು. ಆಂಧ್ರದ ಗಡಿ ಹತ್ತಿರ ಇರೋದರಿಂದ ತೆಲುಗು ಪದಗಳೂ ಕಿವಿಗೆ ಬೀಳ್ತವೆ.

ಹಾಡುವ ಕ್ರಮದಲ್ಲೇ ಒಂದು ಸಮಾಧಾನವಿದೆ. ಮುಂದಿನವರು ಒಂದು ಸಾಲು ಎತ್ತಿಕೊಡ್ತಾರೆ, ಮೇಳದವರು ಅದನ್ನೇ ಹಿಡಿದು ಹಾಡ್ತಾರೆ. ಒಬ್ಬರ ದನಿ ಒಡೆದರೂ ಪದ ನಿಲ್ಲಲ್ಲ, ಉಳಿದವರು ಮುಂದುವರಿಸ್ತಾರೆ. ಆ ವರ್ಷ ಮನೆಯಲ್ಲಿ ಯಾರನ್ನೋ ಕಳ್ಕೊಂಡವರು ಅಲ್ಲಿ ನಿಂತು ಅತ್ತರೆ ಯಾರೂ ‘ಯಾಕೆ’ ಅಂತ ಕೇಳಲ್ಲ. ಹುಸೇನರಿಗಾಗಿ ಅತ್ತರೋ, ತಮ್ಮವರಿಗಾಗಿಯೋ, ಲೆಕ್ಕ ಇಡೋರಿಲ್ಲ. ಇಯರ್‌ಫೋನ್ ಕೊಡಲಾಗದ್ದು ಇದೇ.

ಶಿಶುನಾಳ ಶರೀಫರು (1819–1889) ಕೂಡ ರಿವಾಯತ್ ಪದ ಬರೆದಿದ್ದಾರೆ. ಅವರ ತತ್ವಪದಗಳು ರಘು ದೀಕ್ಷಿತ್ ಅವರ 2008ರ ಆಲ್ಬಂ ಮೂಲಕ ಗಿಟಾರ್ ಜೊತೆ ನಮ್ಮ ತಲೆಮಾರಿಗೆ ಬಂದವು. ರಿವಾಯತ್ ಪದಗಳಿಗೆ ಮಾತ್ರ ಅಂಥ ಅದೃಷ್ಟ ಅಷ್ಟಾಗಿ ಸಿಕ್ಕಿಲ್ಲ. ಅವು ಇರೋದು ಹಿರಿಯರ ಗಂಟಲಲ್ಲಿ, ಹಳೇ ನೋಟ್‌ಬುಕ್‌ಗಳಲ್ಲಿ. ಕಲಿಯಬೇಕಾದ ಹುಡುಗರು ಕೆಲಸಕ್ಕಂತ ಬೆಂಗಳೂರು, ಹೈದರಾಬಾದ್ ಸೇರಿದ್ದಾರೆ. ಹಾಡೋರು ಹೋದರೆ ಪದವೂ ಅವರ ಜೊತೆ ಮಣ್ಣಾಗುತ್ತೆ.

ಹಾಗಾಗಿ ಒಂದು ಕೆಲಸ ಮಾಡಿ. ಚಾಂದ್ರಮಾನದ ಲೆಕ್ಕದಲ್ಲಿ ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತೆ, ಕ್ಯಾಲೆಂಡರ್ ನೋಡಿಯೇ ರಜೆ ಹಾಕಿ. ಊರಿಗೆ ಹೋದಾಗ ಹಾಡೋ ಹಿರಿಯರನ್ನ ಕೇಳಿ, ಒಪ್ಪಿದರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕೊನೆಯ ನುಡಿ ಬಿಡಬೇಡಿ. ಪದ ಕಟ್ಟಿದವರ ಹೆಸರೋ, ಊರಿನ ಹೆಸರೋ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಪದ ಯಾರಿಂದ ಕಲಿತರು ಅಂತಲೂ ಕೇಳಿ ಬರೆದಿಟ್ಕೊಳ್ಳಿ. ಆಮೇಲೆ ಮೇಳದ ಹಿಂದೆ ನಿಂತು ನೀವೂ ಒಂದು ಸಾಲಿಗೆ ದನಿಗೂಡಿಸಿ.